ನೀಲಿ ಪಟ್ಟಿ, ಕೆಂಪು ಪಟ್ಟಿ ಮತ್ತು ಒಂದು ಕ್ರೇನು

ಮೊನ್ನೆ ಭಾನುವಾರ ಊರಿಂದ ಅಣ್ಣನ ಮಗನ ಫೋನು. "ಚಿಕ್ಕಪ್ಪ, ಆಫೀಸಲ್ಲಿ ಎಂ.ಎಸ್. ಪ್ರಾಜೆಕ್ಟ್ ಕಲೀಬೇಕು ಅಂದಿದ್ದಾರೆ. ಒಂದು ವಾರದಲ್ಲಿ ಆಗುತ್ತಾ?" ಅಂದ. "ಗುಂಡಿ ಒತ್ತೋದು ಕಲಿಯೋಕೆ ಎರಡು ದಿನ ಸಾಕು ಮಾರಾಯ. ಉಳಿದದ್ದು ಕಲಿಯೋಕೆ ನನಗೆ ಒಂದು ಕ್ರೇನಿನ ಬಾಡಿಗೆ ಬೇಕಾಯ್ತು" ಅಂದೆ. ತಮಾಷೆ ಅಂದುಕೊಂಡು ನಕ್ಕ. ಫೋನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

2004ರ ಮಾತು. ನವಿ ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಪಂಪ್‌ಹೌಸ್ ಕಟ್ಟುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತ್ತು. ಪ್ಲಾನಿಂಗ್ ನನ್ನ ತಲೆಗೆ ಬಿತ್ತು. ಅಲ್ಲಿಯವರೆಗೆ ಎಕ್ಸೆಲ್‌ನಲ್ಲಿ ದಿನ ದೂಡುತ್ತಿದ್ದವನು ನಾನು. ಪ್ರಾಜೆಕ್ಟ್ ತೆರೆದು ನೋಡಿದರೆ ಅದೂ ಎಕ್ಸೆಲ್ ತರಹವೇ ಕಂಡಿತು. ಇಷ್ಟೇನಾ ಅಂದುಕೊಂಡು 140 ಸಾಲು ಕೆಲಸ ಬರೆದೆ, ಪ್ರತಿ ಸಾಲಿಗೂ ಶುರುವಿನ ತಾರೀಖು, ಮುಗಿಯುವ ತಾರೀಖು ಕೈಯಾರೆ ತುಂಬಿಸಿದೆ. ಪಕ್ಕದಲ್ಲಿ ನೀಲಿ ಪಟ್ಟಿಗಳು ಮೆಟ್ಟಿಲಿನ ಹಾಗೆ ಇಳಿದವು. ಮೂರು ಎ-3 ಹಾಳೆ ಅಂಟಿಸಿ ಸಾಹೇಬರ ಕ್ಯಾಬಿನ್ನಿನ ಗೋಡೆಗೆ ಹಾಕಿದಾಗ ಬಂದವರೆಲ್ಲ ನಿಂತು ನೋಡುತ್ತಿದ್ದರು. ನನಗಂತೂ ಎರಡು ಇಂಚು ಎತ್ತರವಾದ ಹಾಗಿತ್ತು!

ಏಪ್ರಿಲ್‌ನಲ್ಲಿ ಅಡಿಪಾಯದ ಬೋಲ್ಟುಗಳು ಬರುವುದು 12 ದಿನ ತಡವಾಯಿತು. ನಾನು ಆ ಒಂದು ಸಾಲಿನ ತಾರೀಖು ಬದಲಿಸಿದೆ. ಕೆಳಗಿನ ಸಾಲುಗಳು ಮಿಸುಕಲಿಲ್ಲ. ಕಾಂಕ್ರೀಟು, ಪಂಪು ಕೂರಿಸುವುದು, ಪೈಪು, ಎಲ್ಲ ಹಳೆಯ ತಾರೀಖಿಗೇ. ಓಹೋ, ತೊಂದರೆ ಏನಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸೋಮವಾರದ ಮೀಟಿಂಗಿನಲ್ಲೂ ಅದನ್ನೇ ಹೇಳಿದೆ.

ಮೇ ತಿಂಗಳಲ್ಲಿ ಚಾರ್ಟಿನ ಪ್ರಕಾರ ಕ್ರೇನು ಬಂತು. ಎತ್ತಬೇಕಾದ ಪಂಪು ಇತ್ತು, ಇಡಲು ಜಾಗ ಇರಲಿಲ್ಲ. ಅಡಿಪಾಯದ ಗುಂಡಿಯಲ್ಲಿ ಬರೀ ಕಬ್ಬಿಣದ ಸರಳು. ಎರಡು ದಿನ ಕ್ರೇನು ಸುಮ್ಮನೆ ನಿಂತಿತು, ಬಾಡಿಗೆ ಮಾತ್ರ ಓಡಿತು. ಮೀಟಿಂಗಿನಲ್ಲಿ ಬೈಗುಳ ತಿಂದವನು ಸೈಟ್ ಎಂಜಿನಿಯರ್ ಹುಡುಗ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು ಅಷ್ಟೆ. "ಚಾರ್ಟು ಇಷ್ಟು ಸರಿಯಾಗಿದೆ, ನೀನು ಸೈಟಲ್ಲಿ ಏನು ಮಾಡ್ತಿದ್ದೆ?" ಅಂತ ಸಾಹೇಬರು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಹಾಳೆ ತಿರುವುತ್ತಾ ಕೂತೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ.

ಸಂಜೆ ಸೈಟಿಗೆ ಹೋದೆ. ಮುಕಾದಮ ಕಲಬುರಗಿ ಕಡೆಯವರು, ನನಗಿಂತ ಹಿರಿಯರು. ಬೀಡಿ ಹಚ್ಚಿಕೊಂಡು ಹೇಳಿದರು: "ಸಾಹೇಬ್ರ, ಬೋಲ್ಟ್ ಇಲ್ದ ಕಾಂಕ್ರೀಟ್ ಹೆಂಗ ಹಾಕ್ಲಿ? ಕಾಂಕ್ರೀಟ್ ಇಲ್ದ ಪಂಪ್ ಎಲ್ಲಿ ಕೂಡ್ರಸ್ತೀರಿ? ನಿಮ್ಮ ಕಾಗದದ ಮ್ಯಾಲೇನು?"

ಆ ಮಾತು ನನ್ನ ಫೈಲಿಗೆ ಗೊತ್ತೇ ಇರಲಿಲ್ಲ ನೋಡಿ. ಯಾವುದಾದ ಮೇಲೆ ಯಾವುದು ಅಂತ ನಾನು ಅದಕ್ಕೆ ಹೇಳಿಯೇ ಇರಲಿಲ್ಲ. ಆಮೇಲೆ ಹೆಲ್ಪ್ ಓದಿದಾಗ ತಿಳಿಯಿತು. ಶುರುವಿನ ಕಾಲಮ್ಮಿನಲ್ಲಿ ತಾರೀಖು ಟೈಪ್ ಮಾಡಿದರೆ 'ಇದಕ್ಕಿಂತ ಮೊದಲು ಶುರು ಮಾಡಬೇಡ' ಎಂಬ ಕಟ್ಟಳೆ ಹಾಕಿದಂತೆ. ಎಡಗಡೆ ಒಂದು ಪುಟ್ಟ ಕ್ಯಾಲೆಂಡರ್ ಚಿತ್ರ ಮೂಡುತ್ತದೆ. ನನ್ನ ಫೈಲಿನಲ್ಲಿ ಅದು ಸಾಲು ಸಾಲಾಗಿ ಇತ್ತು, ನಾನು ಅಲಂಕಾರ ಅಂದುಕೊಂಡಿದ್ದೆ! ತಾರೀಖು ನಾವು ಕೊಡುವುದಲ್ಲ. ಎಷ್ಟು ದಿನ ಬೇಕು, ಯಾವುದರ ಹಿಂದೆ ಯಾವುದು, ಇಷ್ಟು ಹೇಳಿದರೆ ತಾರೀಖು ಅದೇ ಲೆಕ್ಕ ಹಾಕಿ ಕೊಡುತ್ತದೆ.

ಎರಡು ಭಾನುವಾರ ಮುಕಾದಮರ ಜೊತೆ ಕೂತೆ. "ಈ ಕೆಲಸಕ್ಕೆ ಎಷ್ಟು ದಿನ?" ಅಂದರೆ ಅವರು "ಯಾವ ತಿಂಗಳದಾಗ?" ಅಂತ ತಿರುಗಿ ಕೇಳುತ್ತಿದ್ದರು. ಜೂನ್ ಆದರೆ ಮಳೆ. ಹೋಳಿ ಆದ ಮೇಲೆ ಶರಣಬಸವೇಶ್ವರನ ಜಾತ್ರೆಗೆ ಅರ್ಧ ಗ್ಯಾಂಗು ಊರಿಗೆ. ಗಣಪತಿ ಹಬ್ಬಕ್ಕೆ ಕೊಂಕಣದ ಫಿಟ್ಟರುಗಳು ಒಬ್ಬರೂ ಇರುವುದಿಲ್ಲ. ನನ್ನ ಫೈಲಿನ ಕ್ಯಾಲೆಂಡರಿನಲ್ಲಿ ಏನಿತ್ತು ಅಂತೀರಾ? ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ರಿಂದ ಸಂಜೆ 5. ಒಂದೇ ಒಂದು ಹಬ್ಬ ಇಲ್ಲ. ತಂತ್ರಾಂಶ ಬಂದದ್ದೇ ಹಾಗೆ, ತಿದ್ದಬೇಕಾದವನು ನಾನು. ಇನ್ನೊಂದು, ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಅದಕ್ಕೆ ಭಾನುವಾರದ ರಜೆ ಗೊತ್ತಿಲ್ಲ. ಅಂಥ ಕೆಲಸಕ್ಕೆ ಅವಧಿಯಲ್ಲಿ ದಿನದ ಗುರುತಿನ ಹಿಂದೆ ಒಂದು 'ಇ' ಅಕ್ಷರ ಸೇರಿಸಿದರೆ ರಜೆಯನ್ನೂ ಎಣಿಸಿಕೊಳ್ಳುತ್ತದೆ.

ಎಲ್ಲ ಕೊಂಡಿ ಹಾಕಿದ ಮೇಲೆ ಬೋಲ್ಟಿನ ಸಾಲಿಗೆ ಆ 12 ದಿನ ಕೊಟ್ಟು ನೋಡಿದೆ. ಪಟ್ಟಿಗಳೆಲ್ಲ ಒಂದರ ಹಿಂದೆ ಒಂದು ಬಲಕ್ಕೆ ಜರುಗಿದವು. ಕ್ರೇನೂ ಜರುಗಿತು. ಇದನ್ನು ಏಪ್ರಿಲ್‌ನಲ್ಲೇ ನೋಡಿದ್ದರೆ...

ಕ್ರಿಟಿಕಲ್ ಪಾತ್ ಕೆಂಪಗೆ ತೋರಿಸು ಅಂದೆ. 140ರಲ್ಲಿ 19 ಸಾಲು ಮಾತ್ರ ಕೆಂಪು. ಅದರಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡ, ಉಳಿದವಕ್ಕೆ ಸ್ವಲ್ಪ ಉಸಿರಾಡಲು ಜಾಗವಿದೆ. 1950ರ ದಶಕದ ಕೊನೆಗೆ ಅಮೆರಿಕದ ಡ್ಯುಪಾಂಟ್ ಕಂಪನಿಗಾಗಿ ಹುಟ್ಟಿದ ಲೆಕ್ಕವಂತೆ ಇದು. ನಮ್ಮ ಉಡುಪಿ ಕಡೆಯವರಿಗೆ ಕೊಂಕಣ ರೈಲಿನ ಉದಾಹರಣೆ ಸಾಕು. ರೋಹಾದಿಂದ ಮಂಗಳೂರಿಗೆ ಸುಮಾರು 740 ಕಿ.ಮೀ., ಕೆಲಸ ಶುರುವಾದದ್ದು 1990ರಲ್ಲಿ. ಮಂಗಳೂರು-ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಆದರೆ ಗೋವಾದ ಪೆರ್ನೆಂ ಸುರಂಗದಲ್ಲಿ ಮೆತ್ತನೆಯ ಮಣ್ಣು ಕುಸಿಯುತ್ತಲೇ ಇತ್ತು. ಒಂದೂವರೆ ಕಿಲೋಮೀಟರಿನ ಸುರಂಗಕ್ಕಾಗಿ ಇಡೀ ದಾರಿ ಕಾಯಿತು, ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ನಾವು ಮುಂಬಯಿಯಲ್ಲಿ ಬಸ್ಸಿನಲ್ಲೇ ನುಗ್ಗುನುರಿಯಾಗುತ್ತಾ ಕಾದವರು, ಕೆಂಪು ಪಟ್ಟಿ ಅಂದರೇನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂದಿನಿಂದ ಎರಡು ಅಭ್ಯಾಸ. ಒಪ್ಪಿದ ಪ್ಲಾನನ್ನು ಬೇಸ್‌ಲೈನ್ ಅಂತ ಉಳಿಸಿಬಿಡುತ್ತೇನೆ. ಮೊದಲು ಹಳೆಯ ತಾರೀಖಿನ ಮೇಲೇ ಹೊಸದು ಬರೆದು ತಡವನ್ನೇ ಅಳಿಸುತ್ತಿದ್ದೆ. ಈಗ ಅಂದುಕೊಂಡದ್ದು, ಆದದ್ದು ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಎರಡನೆಯದು, "ಎಷ್ಟು ಪರ್ಸೆಂಟ್ ಆಯ್ತು?" ಅಂತ ಕೇಳುವುದಿಲ್ಲ. ಕೇಳಿದರೆ ಎಲ್ಲರೂ 90 ಅನ್ನುತ್ತಾರೆ, ಮೂರು ವಾರ ಅದು 90 ಆಗಿಯೇ ಇರುತ್ತದೆ. "ಇನ್ನೆಷ್ಟು ದಿನ ಬೇಕು?" ಅಂತ ಕೇಳುತ್ತೇನೆ. ಈ ಪ್ರಶ್ನೆಗೆ ಜನ ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಾರೆ.

ಹೊಸ ಫೈಲು ಹಿಡಿದುಕೊಂಡು ಸಾಹೇಬರ ಹತ್ತಿರ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಆದರೆ ಆ ಮೀಟಿಂಗ್ ಆಗಿ ಎರಡು ವಾರ ಕಳೆದಿತ್ತು. ಅವರು ನನಗೂ ಬೈದರು, ನ್ಯಾಯವೇ. ಹುಡುಗನಿಗೆ ಹೇಳಿದಾಗ "ಇರ್ಲಿ ಬಿಡಿ ಸರ್" ಅಂದ. ಆಮೇಲೆ ನನ್ನ ಜೊತೆ ಚಹಕ್ಕೆ ಬರುವುದು ನಿಲ್ಲಿಸಿದ, ವರ್ಷದೊಳಗೆ ಬೇರೆ ಕಡೆ ಕೆಲಸಕ್ಕೆ ಹೋದ. ಆ ಸಾಲನ್ನು ಮಾತ್ರ ಹಿಂದಿನ ತಾರೀಖಿಗೆ ತರಲು ನನಗೆ ಇನ್ನೂ ಬರುವುದಿಲ್ಲ.

ಅಣ್ಣನ ಮಗ ಕೊನೆಗೆ ಕೇಳಿದ್ದು, "ಚಿಕ್ಕಪ್ಪ, ಇದಕ್ಕೆ ಸರ್ಟಿಫಿಕೇಟ್ ಏನಾದರೂ ಇದೆಯಾ?"

"ನನ್ನ ಹತ್ತಿರ ಕ್ರೇನಿನ ಬಿಲ್ಲಿನ ಜೆರಾಕ್ಸ್ ಇದೆ, ಕಳಿಸಲಾ?" ಅಂದೆ.