ಗಣಿಯ ಊರು, ಕಡಲಿನ ‘ಮೈಸೂರು’

ಬಂಗಾರಪೇಟೆಯಲ್ಲಿ ಗಾಡಿಯನ್ನು ಬದಲಿಸಿ ಮಾರಿಕುಪ್ಪದ ಕವಲುಹಾದಿಯನ್ನು ಹಿಡಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಚಿಕ್ಕ ನಿಲ್ದಾಣಗಳು ಒಂದರ ಹಿಂದೊಂದಾಗಿ ಬರುತ್ತವೆ. ಈ ಹಾದಿಯಿಂದಲೇ ನಾವು ಆಂಡರ್ಸನ್‌ಪೇಟೆಯನ್ನು ಸೇರಿದೆವು. ಕನ್ನಡ, ತಮಿಳು, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಊರಿದು. ಸಮೀಪದಲ್ಲಿಯೇ, ಚಿನ್ನವನ್ನು ತೆಗೆದ ಬಳಿಕ ಉಳಿದ ಕಲ್ಲುಹುಡಿಯ ದಿಬ್ಬಗಳು ಗುಡ್ಡಗಳಂತೆ ನಿಂತಿವೆ.

ಇಲ್ಲಿನ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಇದೇ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಕೆಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದುವು. ಪಾಳಿಗೆ ಹೋದವನು ಮರಳುವವರೆಗೆ ಮನೆಯವರಿಗೆ ನೆಮ್ಮದಿಯಿರಲಿಲ್ಲ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಈಗ ಅನೇಕರು ನಸುಕಿನ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ದುಡಿದು, ಇರುಳಿಗೆ ಮನೆ ಸೇರುತ್ತಾರೆ.

ಮೈಸೂರು ಸಂಸ್ಥಾನದ ಹೆಸರನ್ನು ಈ ಗಣಿಗಳು ಲೋಕಕ್ಕೆ ಸಾರಿದುವು. ಅದೇ ಹೆಸರನ್ನು ಹೊತ್ತು ಕಡಲಿನಲ್ಲಿ ದುಡಿಯುವ ಇನ್ನೊಂದು ಬಳಗವುಂಟು. 1957ರಲ್ಲಿ ಭಾರತದ ನೌಕಾಪಡೆಯನ್ನು ಸೇರಿದ ‘ಮೈಸೂರು’ ಎಂಬ ಕ್ರೂಸರ್ ಹಡಗು 1985ರಲ್ಲಿ ನಿವೃತ್ತವಾಯಿತು. ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಲ್ಪಟ್ಟ ಎರಡನೆಯ ‘ಮೈಸೂರು’ 1999ರ ಜೂನ್ 2ರಂದು ಸೇವೆಗೆ ಸೇರಿತು. ಇದು ಡೆಸ್ಟ್ರಾಯರ್ ಜಾತಿಯ ಯುದ್ಧನೌಕೆ. ಉದ್ದ 163 ಮೀಟರು. ಗಂಡಭೇರುಂಡವು ಇದರ ಲಾಂಛನ.

ಡೆಸ್ಟ್ರಾಯರ್ ಎಂದರೆ ನಾಶಮಾಡುವಂಥದು ಎಂದು ಅರ್ಥ. ಮೊದಲು ಈ ಜಾತಿಯ ಹಡಗುಗಳು ಹುಟ್ಟಿದ್ದು, ದೊಡ್ಡ ಹಡಗುಗಳ ಮೇಲೆ ನುಗ್ಗಿಬರುವ ಟಾರ್ಪಿಡೋ ದೋಣಿಗಳನ್ನು ತಡೆಯುವುದಕ್ಕೆ. ಇಂದಿಗೂ ಬೆಂಗಾವಲೇ ಇವುಗಳ ಮುಖ್ಯ ಧರ್ಮ. ಆಗಸದ ವಿಮಾನ, ನೀರ ಮೇಲಿನ ಹಡಗು, ನೀರಡಿಯ ಸಬ್‌ಮರೀನು, ಈ ಮೂರರ ಮೇಲೆಯೂ ಹಗಲಿರುಳು ಕಣ್ಣಿಟ್ಟಿರಬೇಕು. ಆದಕಾರಣ ನೂರಾರು ಮಂದಿ ನಾವಿಕರು ಸರದಿಯ ಮೇಲೆ ಎಚ್ಚರವಿದ್ದು, ಸರದಿಯ ಮೇಲೆ ಮಲಗುತ್ತಾರೆ. ಗಣಿಯ ಪಾಳಿಗೂ ಹಡಗಿನ ಪಾಳಿಗೂ ಇಲ್ಲಿ ಹೋಲಿಕೆಯುಂಟು.

2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ ‘ಗೀಬೆ’ ಎಂಬ ಇಥಿಯೋಪಿಯದ ವ್ಯಾಪಾರದ ಹಡಗನ್ನು ಕಡಲ್ಗಳ್ಳರು ಮುತ್ತಿದರು. ಅದರ ಮೊರೆಯನ್ನು ಕೇಳಿದ ‘ಮೈಸೂರು’ ಧಾವಿಸಿ, ಕಳ್ಳರಲ್ಲಿ 23 ಮಂದಿಯನ್ನು ಸೆರೆಹಿಡಿಯಿತು. 2011ರಲ್ಲಿ ಲಿಬಿಯದಲ್ಲಿ ಅಂತಃಕಲಹವೆದ್ದಾಗ, ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುವ ಕಾರ್ಯಕ್ಕೂ ಈ ನೌಕೆಯನ್ನು ಕಳುಹಿಸಲಾಯಿತು. ನಾಶಕ್ಕೆಂದು ಹೆಸರಿಟ್ಟುಕೊಂಡ ಹಡಗಿಗೆ ರಕ್ಷಣೆಯ ಕೆಲಸ ಒದಗಿದುದು ಮೆಚ್ಚತಕ್ಕ ಸಂಗತಿಯಲ್ಲವೆ?

ಚಿನ್ನದ ತೂಕವನ್ನೂ ಹಡಗಿನ ಅಳತೆಯನ್ನೂ ಲೆಕ್ಕದ ಪುಸ್ತಕಗಳು ಹೇಳುತ್ತವೆ. ಬಾಗಿಲಲ್ಲಿ ನಿಂತು ಹಾದಿ ನೋಡಿದವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ನೆಲದಾಳಕ್ಕೆ ಇಳಿದವನೂ ನಡುಗಡಲಿಗೆ ಹೋದವನೂ ಒಬ್ಬ ತಾಯಿಯ ಮಗನೇ. ನಾಡಿನ ಹೆಸರನ್ನು ಹೆಮ್ಮೆಯಿಂದ ಹೇಳುವಾಗ, ಅದನ್ನು ಹೊತ್ತು ದುಡಿದವರ ಮನೆಗಳ ಯೋಗಕ್ಷೇಮವನ್ನೂ ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.