ಅಂಗಳಕ್ಕೆ ತಂದ ವೀರಗಲ್ಲು

ಮನೆಯನ್ನು ಶಿಲ್ಪಗಳಿಂದ ಸಿಂಗರಿಸಬೇಕೆಂದಿರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಯಾವ ಊರಿನದೆಂದು ತಿಳಿಯದ ಹಳೆಯ ಕಲ್ಲನ್ನು ಹೊಸ್ತಿಲ ಒಳಗೆ ತರಬೇಡಿ. ಈ ಮಾತು ನನಗೆ ಅರ್ಥವಾದದ್ದು ಸತ್ತುಹೋದ ಮನುಷ್ಯನೊಬ್ಬನ ಹೆಸರನ್ನು ನನ್ನ ಕೈಯಾರೆ ಅಳಿಸಿದ ಮೇಲೆ.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ಶಿಲ್ಪಗಳ ಹುಚ್ಚು ಹತ್ತಿತ್ತು. ಪಡಸಾಲೆಯಲ್ಲಿ ಕಿನ್ನಾಳದ ಬಣ್ಣದ ಗರುಡ, ದೇವರ ಕೋಣೆಯ ಪಕ್ಕ ಅಜ್ಜಿಯ ತವರಿನಿಂದ ಬಂದ ಹಿತ್ತಾಳೆಯ ದೀಪಲಕ್ಷ್ಮಿ, ಮೆಟ್ಟಿಲ ಬುಡದಲ್ಲಿ ಯುವ ಕಲಾವಿದೆಯೊಬ್ಬರು ಬೆಸುಗೆ ಹಾಕಿ ಮಾಡಿದ ಉಕ್ಕಿನ ಆಕೃತಿ. ಇಷ್ಟಿದ್ದೂ ಅಂಗಳದ ಗೋಡೆ ಬರಿದಾಗಿ ಕಾಣುತ್ತಿತ್ತು. ಅಲ್ಲಿಗೆ ನಿಜಕ್ಕೂ ಪುರಾತನವಾದದ್ದೊಂದು ಬೇಕೆಂಬ ಹಟ ನನ್ನದು. ಶತಮಾನಗಳ ಹಿಂದಿನ ಕಲ್ಲಿನ ಎದುರು ಇಂದಿನ ಉಕ್ಕು ನಿಂತರೆ ಎರಡಕ್ಕೂ ಕಳೆ ಬರುತ್ತದೆ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದೆ.

ಹಳೆಯ ಕಂಬ, ಬಾಗಿಲುವಾಡ, ಒರಳುಗಳನ್ನು ಮಾರುವ ವ್ಯಾಪಾರಿಯೊಬ್ಬನ ಹಿತ್ತಿಲಲ್ಲಿ ಆ ಕಲ್ಲು ಗೋಡೆಗೆ ಒರಗಿತ್ತು. ಸೊಂಟದೆತ್ತರ, ಬಳಪದ ಕಲ್ಲು. ಎಲ್ಲಿಯದೆಂದು ಕೇಳಿದೆ. ‘ಹಾಸನದ ಕಡೇದು’ ಎಂದ. ಯಾವ ಊರು, ಯಾರು ಕೊಟ್ಟರು, ಕಾಗದಪತ್ರ ಇದೆಯೇ ಎಂದು ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಕೊಳ್ಳುವುದನ್ನು ತಡೆದೀತೆಂದು ನನಗೆ ಒಳಗೊಳಗೇ ಗೊತ್ತಿತ್ತು. ನನ್ನ ಮುಂದಿನ ತಪ್ಪುಗಳೆಲ್ಲ ಆ ಮೌನದಿಂದಲೇ ಹುಟ್ಟಿದವು.

ಕಲ್ಲಿನ ಮೇಲೆ ಮೂರು ಅಂತಸ್ತು. ಕೆಳಗೆ ಬಿಲ್ಲೆತ್ತಿದ ಯೋಧ, ಅವನ ಬೆನ್ನಹಿಂದೆ ದನಗಳ ಸಾಲು. ನಡುವೆ ಇಬ್ಬರು ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. ತುರುಗಾಳಗದಲ್ಲಿ ಊರ ದನ ಬಿಡಿಸಲು ಹೋಗಿ ಮಡಿದವನಿಗೆ ಊರಿನವರು ನಿಲ್ಲಿಸಿದ ಕಲ್ಲು ಅದು. ವೀರಗಲ್ಲೆಂದು ನನಗೆ ಗೊತ್ತಿತ್ತು. ಆದರೂ ನಾನು ನೋಡಿದ್ದು ಅದರ ಅಂದವನ್ನು ಮಾತ್ರ.

ಮನೆಗೆ ತಂದಾಗ ಅದರ ಮೈಮೇಲೆ ಕಲ್ಲುಹೂವು, ಸುಣ್ಣ, ಎಣ್ಣೆಯ ಜಿಡ್ಡು, ಕುಂಕುಮದ ಕಲೆ. ಎಣ್ಣೆ ಕುಂಕುಮ ಇದೆಯೆಂದರೆ ತೀರಾ ಈಚಿನವರೆಗೂ ಯಾರೋ ಅದಕ್ಕೆ ಕೈಮುಗಿಯುತ್ತಿದ್ದರು ಎಂದರ್ಥ. ಆ ಯೋಚನೆ ನನಗೆ ಬರಲಿಲ್ಲ. ನೆಲ ತೊಳೆಯುವ ಆ್ಯಸಿಡ್ ಸುರಿದೆ, ತಂತಿಯ ಬ್ರಶ್ ಹಿಡಿದು ಉಜ್ಜಿದೆ. ಬಳಪದ ಕಲ್ಲಿನ ಮೃದುತ್ವಕ್ಕೆ ಕಾರಣ ಅದರಲ್ಲಿರುವ ಟಾಲ್ಕ್. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಟಾಲ್ಕ್‌ಗೆ 1, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ಥಾನ. ಹೊಯ್ಸಳ ಶಿಲ್ಪಿಗಳು ಕಿವಿಯೋಲೆಯ ಕುಸುರಿಯನ್ನೂ ಕಡೆಯಲು ಆದದ್ದು ಇಂಥ ಮೃದುವಾದ ಕಲ್ಲು ಅವರಿಗೆ ಸಿಕ್ಕಿದ್ದರಿಂದ. ಉಳಿಗೆ ಅಷ್ಟು ಸುಲಭವಾಗಿ ಒಲಿಯುವ ಕಲ್ಲು ತಂತಿಗೂ ಅಷ್ಟೇ ಸುಲಭವಾಗಿ ಸವೆಯುತ್ತದೆ. ತೊಳೆದ ಮೇಲೆ ಹೊಳೆಯುತ್ತಿದ್ದ ಕಲ್ಲನ್ನು ಕಂಡು ನಾನು ಹಿಗ್ಗಿದೆ. ಎದುರಿಗೆ ನೇರ ಬೆಳಕಿನ ದೀಪವನ್ನೂ ಹಾಕಿಸಿದೆ.

ಶಾಸನ ಓದಬಲ್ಲ ನಿವೃತ್ತ ಮೇಷ್ಟರೊಬ್ಬರು ಒಂದು ಸಂಜೆ ಮನೆಗೆ ಬಂದರು. ಕಲ್ಲನ್ನು ನೋಡಿದವರೇ ದೀಪ ಆರಿಸಲು ಹೇಳಿ, ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರು. ಅಂತಸ್ತುಗಳ ನಡುವಿನ ಪಟ್ಟಿಕೆಗಳಲ್ಲಿ ಸಣ್ಣ ಸಣ್ಣ ನೆರಳುಗಳು ಎದ್ದವು. ಅಕ್ಷರಗಳು. ಒಂದು ಕೊಂಬು, ಒಂದು ಅರ್ಧ ‘ಗ’, ಮತ್ತೆ ಬರಿಯ ಗೀರು. ಗೀರುಗಳು ತಂತಿಯವು ಎಂದು ಅವರಿಗೆ ತಕ್ಷಣ ತಿಳಿಯಿತು. ‘ಸಾಮಾನ್ಯವಾಗಿ ಇಲ್ಲೇ ಸತ್ತವನ ಹೆಸರಿರುತ್ತೆ’ ಎಂದರು. ಬೇರೇನೂ ಹೇಳಲಿಲ್ಲ. ನಾನು ತಲೆಯೆತ್ತಲಿಲ್ಲ.

ಕಲ್ಲಿನ ಪಾಠ ಎಲ್ಲಾದರೂ ಅಚ್ಚಾಗಿರಬಹುದೇ ಎಂದು ಆಮೇಲೆ ಹುಡುಕಹೊರಟೆ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು 1886ರಿಂದ ಹೊರಬಂದವು. ಸಾವಿರಾರು ಶಾಸನಗಳ ಪಾಠ ಅವುಗಳಲ್ಲಿದೆ. ಆದರೆ ಅವನ್ನು ಜೋಡಿಸಿರುವುದು ತಾಲ್ಲೂಕು, ಊರುಗಳ ಪ್ರಕಾರ: ಇಂಥ ಊರಿನ ಇಂಥ ಗುಡಿಯ ಮುಂದಿನ ವೀರಗಲ್ಲು ಎಂದು. ನನ್ನ ಕೈಯಲ್ಲಿದ್ದದ್ದು ‘ಹಾಸನದ ಕಡೇದು’ ಎಂಬ ಮಾತೊಂದೇ. ಅವನ ಹೆಸರು ಆ ಪುಟಗಳಲ್ಲಿ ಎಲ್ಲೋ ಇದ್ದರೂ, ಅದೇ ನನ್ನ ಅಂಗಳದ ಕಲ್ಲಿನದೆಂದು ಹೇಳಲು ದಾರಿಯಿಲ್ಲ. ಅಕ್ಷರ ಹೋದದ್ದು ನನ್ನ ಬ್ರಶ್ಶಿನಿಂದ. ಊರು ಹೋದದ್ದು ನಾನು ಕೇಳದೇ ಬಿಟ್ಟ ಪ್ರಶ್ನೆಯಿಂದ.

ಹೆಸರೊಂದು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ನಗರದಲ್ಲೇ ಇದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿತು. ಕಾದಾಡಿ ಮಡಿದವನು ಕಿತ್ತಯ್ಯ ಎಂದು ಅದರ ಅಕ್ಷರಗಳಿಂದ ತಿಳಿಯಿತು. ಹನ್ನೆರಡು ಶತಮಾನಗಳಾಚೆಯ ಆ ಮನುಷ್ಯ ಈಗ ಹೆಬ್ಬಾಳದವರಿಗೆ ತಮ್ಮವನು. ನನ್ನ ಅಂಗಳದವನಿಗೂ ಅಂಥದ್ದೊಂದು ದಿನ ಬರಬಹುದಿತ್ತು.

ಕಾನೂನನ್ನೂ ನಾನು ಆಮೇಲೆಯೇ ಓದಿದ್ದು. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಅಧಿನಿಯಮ ಜಾರಿಗೆ ಬಂದದ್ದು 1976ರಲ್ಲಿ. ಅದರ ಪ್ರಕಾರ 100 ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಅಂಥ ಕಲ್ಲಿನ ವಿಗ್ರಹಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಮಾರುವವನಿಗೆ ಪರವಾನಗಿ ಇರಬೇಕು, ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ. ನಾನು ರಾಜ್ಯದ ಪುರಾತತ್ವ ಇಲಾಖೆಗೆ ಬರೆದು, ನಡೆದದ್ದನ್ನೆಲ್ಲ ಮುಚ್ಚಿಡದೆ ತಿಳಿಸಿ, ಕಲ್ಲನ್ನು ಒಪ್ಪಿಸಿದೆ. ಮನಸ್ಸು ಹಗುರವಾಯಿತೆಂದು ಹೇಳಲಾರೆ. ಒಪ್ಪಿಸಿದ ಮಾತ್ರಕ್ಕೆ ಅಕ್ಷರ ಮರಳುವುದಿಲ್ಲ.

ಶಿಲ್ಪಗಳ ಮೇಲಿನ ಪ್ರೀತಿ ಇಂದಿಗೂ ಹಾಗೆಯೇ ಇದೆ, ಪ್ರೀತಿಸುವ ಬಗೆ ಬೇರೆಯಾಗಿದೆ. ದೀಪಲಕ್ಷ್ಮಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ನಿಲ್ಲಿಸಿದ್ದೇನೆ. ಆ ಕಂದು ಮೆರುಗು ಹಲವು ಕೈಗಳು, ಹಲವು ದಶಕಗಳು ಸೇರಿ ಕೊಟ್ಟದ್ದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಿತ್ತಾಳೆ, ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರತೊಡಗಿದರೆ ಮಾತ್ರ ಅದು ರೋಗ. ಆಗ ಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು. ಕಿನ್ನಾಳದ ಗರುಡನಿಗೆ ಒದ್ದೆ ಬಟ್ಟೆ ತಾಗಿಸುವುದಿಲ್ಲ. ಹಗುರ ಮರಕ್ಕೆ ಹುಣಸೆ ಬೀಜದ ಸರಿ ಹಾಕಿ, ಅದರ ಮೇಲೆ ಬಣ್ಣ ಕೂರಿಸುವ ಕೆಲಸ ಅದು; ನೀರು ತಗುಲಿದರೆ ಪದರ ಏಳುತ್ತದೆ. ದೀಪಗಳನ್ನೆಲ್ಲ ಬದಿಗೆ ಸರಿಸಿದ್ದೇನೆ. ನೇರ ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುವ ಉಬ್ಬುಶಿಲ್ಪ ಓರೆ ಬೆಳಕಿನಲ್ಲಿ ಮೈದುಂಬಿ ನಿಲ್ಲುತ್ತದೆ. ಒಂದೊಂದು ಶಿಲ್ಪಕ್ಕೂ ಒಂದು ಹಾಳೆ ಬರೆದಿಟ್ಟಿದ್ದೇನೆ: ಮಾಡಿದವರು, ಊರು, ವರ್ಷ, ನಮ್ಮ ಮನೆಗೆ ಬಂದ ಬಗೆ.

ಅಂಗಳದ ಗೋಡೆಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಯೊಬ್ಬರಿಂದ ಹೊಸ ಕೆಲಸ ಮಾಡಿಸಿದೆ. ಹಳೆಯದರಂತೆ ಕಾಣಲು ಏನನ್ನೂ ಬಳಿಯಬೇಡಿ ಎಂದಾಗ ಅವರಿಗೆ ಆಶ್ಚರ್ಯ. ಬಹಳ ಮಂದಿ ಕೇಳುವುದೇ ಅದನ್ನಂತೆ. ಕಲ್ಲಿನ ಬೆನ್ನಿಗೆ ಅವರ ಹೆಸರು, ಊರು, ಇಸವಿ ಕೆತ್ತಲು ಬೇಡಿಕೊಂಡೆ. ಹಳೆಯ ನಂಬಿಕೆ ಹೊಸ ಲೋಹದಲ್ಲಿ ಎಷ್ಟು ಚೆಲುವಾಗಿ ನಿಲ್ಲಬಲ್ಲದೆಂಬುದಕ್ಕೆ ಬಾಲನ್ ನಂಬಿಯಾರರ ಸ್ಟೇನ್‌ಲೆಸ್ ಸ್ಟೀಲ್ ಶಿಲ್ಪಗಳನ್ನು ನೋಡಬೇಕು. ಪಶ್ಚಿಮ ಕರಾವಳಿಯ ಆರಾಧನಾ ಕಲೆಗಳನ್ನು ಅಭ್ಯಾಸ ಮಾಡಿದ ಕಣ್ಣು ಅವರದು. ನಾನು ಬಯಸಿದ ಪುರಾತನದ ಸೆಳೆತ ಜೀವಂತ ಕಲಾವಿದರ ಕೆಲಸದಲ್ಲೇ ಇತ್ತು, ಯಾವ ಊರಿನ ಆಸ್ತಿಯನ್ನೂ ಕೀಳದೆ ಸಿಗುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ. ನಿಮ್ಮೂರ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲು, ಮಾಸ್ತಿಗಲ್ಲು ಕಂಡರೆ ಕದಲಿಸಬೇಡಿ, ತೊಳೆಯಬೇಡಿ. ಓರೆ ಬಿಸಿಲಿನಲ್ಲಿ ಫೋಟೊ ತೆಗೆದು, ಜಾಗ ಗುರುತು ಹಾಕಿ, ಪುರಾತತ್ವ ಇಲಾಖೆಗೋ ಶಾಸನ ಓದುವವರಿಗೋ ಕಳಿಸಿ. ಮನೆಗೆ ಶಿಲ್ಪ ಬೇಕೆನಿಸಿದಾಗ ಮಾಡಿದವರ ಹೆಸರು ಕೇಳಿ. ಹೆಸರು ಹೇಳಲು ಹಿಂಜರಿಯುವ ಅಂಗಡಿಯಿಂದ ಬರಿಗೈಯಲ್ಲಿ ಹೊರಬನ್ನಿ. ಗೋಡೆ ಒಂದಷ್ಟು ದಿನ ಬರಿದಾಗಿದ್ದರೆ ಯಾರಿಗೂ ನಷ್ಟವಿಲ್ಲ.