ಏರ್ಕಾಡಿಗೆ ಹೊರಡುವ ಮುನ್ನ

ಬೇಸಿಗೆಯ ರಜೆ ಬಂತೆಂದರೆ ಧರ್ಮಪುರಿಯ ಕಡೆಯ ನಮ್ಮ ಮನೆಗಳಲ್ಲಿ ಏರ್ಕಾಡಿನ ಮಾತು ತಾನಾಗಿಯೇ ಏಳುತ್ತದೆ. ಸೇಲಂ ಮಾರ್ಗವಾಗಿ ಸುಮಾರು 100 ಕಿಲೋಮೀಟರು; ಎತ್ತರ 1,500 ಮೀಟರಿಗೆ ತುಸು ಹೆಚ್ಚು. ಮೇಲೆ ಕಾಫಿ ತೋಟಗಳು, ಸೇರ್ವರಾಯನ ಗುಡಿ, ಊರ ನಡುವೆ ಕೆರೆ. (ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ನಮ್ಮಲ್ಲಿ ಕೆರೆಯ ಕಟ್ಟೆ, ಊರಿನ ಹೆಸರನ್ನು ಮಕ್ಕಳೇ ಬಿಡಿಸಿ ನೋಡಲಿ.)

ಕಾರಿನಲ್ಲಿ ಹೊರಡುವವರು ಏರುವ ಹಾದಿಯನ್ನೇ ಚಿಂತಿಸುತ್ತಾರೆ. ಚಿಂತಿಸಬೇಕಾದುದು ಇಳಿಜಾರನ್ನು. ಮೊದಲನೆಯದು ಸೇಲಂ ಸೇರುವ ಮುನ್ನವೇ, ತೊಪ್ಪೂರು ಘಾಟಿಯಲ್ಲಿದೆ. ಬ್ರೇಕು ಹಿಡಿಯದೆ ನುಗ್ಗಿದ ಲಾರಿಗಳು ಅಲ್ಲಿ ಎಷ್ಟೋ ಸಂಸಾರಗಳನ್ನು ಹಾಳುಮಾಡಿವೆ. ಲಾರಿಗಳ ನಡುವೆ ನುಸುಳದೆ, ಕೆಳಗಿನ ಗೇರಿನಲ್ಲಿ ಸಾವಕಾಶವಾಗಿ ಇಳಿಯಿರಿ. ಉಳಿಯುವ ಹತ್ತು ನಿಮಿಷದಿಂದ ಯಾವ ಲಾಭವೂ ಇಲ್ಲ.

ಎರಡನೆಯದು ಮರಳುವಾಗಿನ 20 ಹೇರ್‌ಪಿನ್ ತಿರುವುಗಳು. ಬ್ರೇಕನ್ನು ಒತ್ತಿಯೇ ಹಿಡಿದರೆ ಅದು ಕಾದು ಸೋಲುತ್ತದೆ; ಏರಿದ ಗೇರಿನಲ್ಲಿಯೇ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ. ತಿರುವಿಗೆ ಮುಂಚೆ ಹಾರನ್ ಮಾಡಿರಿ, ಏರಿಬರುವ ವಾಹನಕ್ಕೆ ದಾರಿ ಬಿಡಿರಿ. ಕುಪ್ಪನೂರಿನ ಮೂಲಕವೂ ಒಂದು ರಸ್ತೆಯುಂಟು. ಯಾವುದರಲ್ಲಿ ಬಂದರೂ, ಮೇ ತಿಂಗಳ ಸಂಜೆಮಳೆ ಹಿಡಿಯುವ ಮೊದಲೇ ಬೆಟ್ಟವಿಳಿಯುವಂತೆ ಊಟದ ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ.